ರಾಹುಕಾಲದ ಸಕ್ಕರೆ ನೀರು

ಶಿರಹಟ್ಟಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ವಿದ್ಯಾಶ್ರೀಯನ್ನು ನೋಡಲು ಅಸುಂಡಿಯ ಹೊನ್ನೇಶ ತಾಯಿ ಅಮೃತವ್ವನ ಜೊತೆ ಬಂದದ್ದು ಒಂದು ಬುಧವಾರ. ಹನ್ನೆರಡಕ್ಕೆ ಅಡುಗೆ ತಯಾರಾಗಿತ್ತು. ಇನ್ನೇನು ಎಲೆ ಹಾಕಬೇಕು ಎನ್ನುವಾಗ ಹುಡುಗಿಯ ಸೋದರಮಾವ ದೇವೇಂದ್ರಪ್ಪ ಗಡಿಯಾರ ನೋಡಿದ.

"ಒಂದೂವರಿ ತನಕ ರಾಹುಕಾಲ ಐತಿ. ಆಮ್ಯಾಲ ಉಂಡ್ರಾತು, ಮಾತಾಡ್ಕೋತ ಕುಂಡ್ರೂಣು."

ವಿದ್ಯಾಶ್ರೀಯನ್ನು ನೋಡಲು ಬಂದ ನಾಲ್ಕನೆಯ ವರ ಇವನು. ಹಿಂದಿನ ಮೂವರೂ ಅವಳ ರೊಟ್ಟಿಯ ಬಗ್ಗೆ ಕೇಳಿದ್ದರು. ಈ ಸಲ ಅವಳೇ ಮೊದಲು ಕೇಳಿದಳು: "ಹೊಲದ ಕೆಲಸ ಇಲ್ಲದಾಗ ಏನ್ಮಾಡ್ತೀರಿ?"

"ಬಾವ್ಯಾಗ ಈಜತೀನ್ರಿ. ಊರ ಹುಡುಗೂರಿಗೂ ಕಲಸ್ತೀನಿ," ಎಂದ ಹೊನ್ನೇಶ. ಆ ಉತ್ತರ ಅವಳಿಗೆ ಹಿಡಿಸಿತು.

ಮಾತು ಮಳೆ, ಬೋರ್‌ವೆಲ್, ಲಕ್ಷ್ಮೇಶ್ವರದ ರಸ್ತೆ ಎಂದು ಸಾಗಿತು. ಒಂದು ಗಂಟೆಯ ಸುಮಾರಿಗೆ ಹೊನ್ನೇಶ ವಿದ್ಯಾಶ್ರೀಯ ಪಕ್ಕದಲ್ಲಿದ್ದ ಎಂಬತ್ತರ ಅಜ್ಜಿ ನೀಲಗಂಗವ್ವನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ ಕೇಳಿದ: "ನೀವು ಎಷ್ಟನೇತ್ತ ತನಕ ಓದೀರಿ?"

"ಎರಡನೇತ್ತಪ್ಪ," ಎಂದಳು ಅಜ್ಜಿ. "ಮುಂದ ಮಾಸ್ತರ ಬರಲಿಲ್ಲ."

"ಇರಲಿ ಬಿಡ್ರಿ. ನನಗ ನೀವು ಪಸಂದ ಆಗೀರಿ."

ಅಡುಗೆಮನೆಯ ಬಾಗಿಲಲ್ಲಿ ಯಾರೋ ಕಿಸಕ್ಕನೆ ನಕ್ಕರು. ವಿದ್ಯಾಶ್ರೀಯ ಅಪ್ಪ ಚನ್ನಬಸವಣ್ಣನ ಮುಖ ಗಂಟಿಕ್ಕಿತು. "ಕುಡದು ಬಂದಾನೇನು?" ಎಂದು ದೇವೇಂದ್ರಪ್ಪನ ಕಿವಿಯಲ್ಲಿ ಅಂದದ್ದು ಎಲ್ಲರಿಗೂ ಕೇಳಿಸಿತು.

ವಿದ್ಯಾಶ್ರೀ ಮಾತ್ರ ಹೊನ್ನೇಶನನ್ನೇ ನೋಡುತ್ತಿದ್ದಳು. ಫ್ಯಾನಿನ ಕೆಳಗೆ ಕುಳಿತವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಬೆರಳುಗಳು ನಡುಗುತ್ತಿದ್ದವು. ತನ್ನ ತರಗತಿಯಲ್ಲಿ ಸಕ್ಕರೆ ಕಾಯಿಲೆಯಿದ್ದ ಒಬ್ಬ ಹುಡುಗಿಗೆ ಹೀಗೇ ಆದದ್ದನ್ನು ಅವಳು ಕಂಡಿದ್ದಳು.

"ಅವ್ವಾರ, ಇವರು ಇನ್ಸುಲಿನ್ ತಗೋತಾರೇನ್ರಿ?"

ಅಮೃತವ್ವ ತಲೆ ತಗ್ಗಿಸಿದಳು. "ಹೂನವ್ವ. ಎಲಿ ಹಾಕ್ತಾರಂತ ತಿಳದು ಹನ್ನೆರಡಕ್ಕ ಚುಚ್ಚಿಕೊಂಡಾನ. ರಾಹುಕಾಲ ಅಂದ ಮ್ಯಾಲ ಹಸಿವು ಅನ್ನಾಕ ನಾಚಿದ."

"ಚುಚ್ಚಿಕೊಂಡು ಉಣ್ಣದಿದ್ರ ರಕ್ತದಾಗ ಸಕ್ಕರಿ ಇಳಿದು ಮೆದುಳು ಮಂಕಾಗತೈತಿ," ಎನ್ನುತ್ತಲೇ ವಿದ್ಯಾಶ್ರೀ ಒಳಗೆ ಓಡಿದಳು. ನೀರಿಗೆ ಐದಾರು ಚಮಚ ಸಕ್ಕರೆ ಹಾಕಿ ಕಲಕಿ ತಂದಳು. ಹೊನ್ನೇಶನ ಕೈಯಲ್ಲಿ ಲೋಟ ನಿಲ್ಲಲಿಲ್ಲ. ಅವಳೇ ಅವನ ತುಟಿಗೆ ಹಿಡಿದಳು, ಎಲ್ಲ ಹಿರಿಯರ ಎದುರಿಗೇ. ಅವನು ಗುಟುಕು ಗುಟುಕಾಗಿ ಕುಡಿದ.

ಕಾಲು ಗಂಟೆಯಲ್ಲಿ ಅವನ ಕಣ್ಣು ತಿಳಿಯಾಯಿತು. ಸುತ್ತ ನೋಡಿ, ಏನೋ ಎಡವಟ್ಟಾಗಿದೆ ಎಂದು ತಿಳಿದು ನಾಚಿದ.

"ಹೊಟ್ಟಿ ಮ್ಯಾಲ ಇಷ್ಟು ಬೊಜ್ಜು ಕೂಡಿಟ್ಟಿರತೀವಿ," ತನ್ನ ಹೊಟ್ಟೆ ತಟ್ಟಿಕೊಂಡ ದೇವೇಂದ್ರಪ್ಪ. "ಒಂದು ತಾಸು ತಡಾ ಆದ್ರ ಮೆದುಳಿಗೆ ಸಾಲಂಗಿಲ್ಲೇನು?"

"ಮೆದುಳಿಗೆ ಬೊಜ್ಜು ನೇರವಾಗಿ ಉಪಯೋಗಕ್ಕ ಬರಂಗಿಲ್ಲ ಮಾವಾ, ಸಕ್ಕರಿನ ಬೇಕು," ಎಂದಳು ವಿದ್ಯಾಶ್ರೀ. "ಅದೂ ಒಂದೀಟು ಕೂಡಿಟ್ಟಿರತೈತಿ. ವಿಚಾರ ಮಾಡೋ ನರಕೋಶದಾಗ ಅಲ್ಲ, ಅವುಗಳ ಬಾಜೂಕ ಇರೋ ಕೋಶದಾಗ. ರಕ್ತದಾಗ ಸಕ್ಕರಿ ಇಳಿದಾಗ ಆ ಕೋಶಗಳು ಇಟ್ಟಿದ್ದನ್ನ ಕರಗಿಸಿ ನರಕೋಶಕ್ಕ ಕೊಡತಾವ. ಆದ್ರ ಅದು ಭಾಳ ಕಡಿಮಿ, ಸ್ವಲ್ಪ ಹೊತ್ತಿಗಷ್ಟ."

"ಅಂದ್ರ ಇಷ್ಟೊತ್ತು ಅದರ ಮ್ಯಾಲ ಕುಂತಿದ್ದನೇನು?"

"ಅದರದೂ ಆಸರ ಇತ್ತು. ಈಗ ಊಟ ಬೇಕ ಬೇಕು."

ಒಂದೂವರೆಗೆ ಇನ್ನೂ ಹತ್ತು ನಿಮಿಷವಿತ್ತು. ದೇವೇಂದ್ರಪ್ಪನೇ ಎದ್ದು ಎಲೆ ಹಾಕಿದ, ಮೊದಲ ಹೋಳಿಗೆಯನ್ನೂ ತಾನೇ ಬಡಿಸಿದ. "ಮದುವಿ ದಿನ ತಿನ್ನಿಸೋದನ್ನ ಹುಡುಗಿ ಇವತ್ತ ಮುಗಿಸಿದ್ಲು," ಎಂದು ಅಜ್ಜಿ ಹೇಳಿದಾಗ ಚನ್ನಬಸವಣ್ಣನೂ ನಕ್ಕುಬಿಟ್ಟ.

"ಈ ಬ್ಯಾನಿ ಮುಚ್ಚಿಡಬೇಕಂತ ಇರಲಿಲ್ಲ," ಎಂದು ಹೊನ್ನೇಶ ವಿದ್ಯಾಶ್ರೀಗೆ ಹೇಳಿದ. "ನಿಮ್ಮೊಬ್ಬರ ಕೂಡ ಮಾತಾಡಾಕ ಸಿಕ್ಕಾಗ ಹೇಳೂಣಂತ ಇದ್ದೆ."

"ಸುಳ್ಳಲ್ಲವ್ವ," ಎಂದಳು ಅಮೃತವ್ವ. "ಮೊದಲ ಹೇಳ್ತೀನಂದ, ನಾನ ತಡದೆ. ತಪ್ಪು ನಂದು."

ಸಂಜೆ ಅವರನ್ನು ಕಳಿಸಲು ವಿದ್ಯಾಶ್ರೀಯೂ ಬಸ್‌ಸ್ಟ್ಯಾಂಡಿಗೆ ಹೊರಟಳು. ಯಾರೂ ಬೇಡ ಅನ್ನಲಿಲ್ಲ. ಅವಳೂ ಹೊನ್ನೇಶನೂ ಕಲ್ಲು ಬೆಂಚಿನ ಮೇಲೆ ಕುಳಿತು ದಿನಕ್ಕೆ ಎಷ್ಟು ಸಲ ಸಕ್ಕರೆ ನೋಡಿಕೊಳ್ಳಬೇಕು, ಹೊಲದಲ್ಲಿ ಊಟ ತಡವಾದರೆ ಏನು ಮಾಡಬೇಕು ಎಂದು ಮಾತಾಡಿದರು. ಆಮೇಲೆ ಬೇರೆ ಮಾತಿಗೂ ಇಳಿದರು. ಗದಗಿನ ಬಸ್ಸು ಅರ್ಧ ತಾಸು ತಡವಾಗಿ ಬಂತು. ಇನ್ನೂ ಸ್ವಲ್ಪ ತಡವಾಗಬಾರದಿತ್ತೇ ಎಂದುಕೊಂಡಳು ವಿದ್ಯಾಶ್ರೀ.