ಯೊಸ್ತಿನಾಳ ಮಣಿಕಟ್ಟಿಗೆ ಸೂಜಿ

ಕೈರೋದ ದಕ್ಷಿಣಕ್ಕಿರುವ ಮಲ್ಲವಿಯಲ್ಲಿ ಇಗರ್ಜಿಯ ಹಿಂದಿನ ಓಣಿಗೆ ಹೋಗಿ ಇನ್ಸಾಫಳ ಮನೆ ಯಾವುದು ಎಂದರೆ ಸಣ್ಣ ಮಕ್ಕಳೂ ತೋರಿಸುತ್ತಿದ್ದರು. ಬಲಗೈ ಮಣಿಕಟ್ಟಿನ ಒಳಮಗ್ಗುಲಿಗೆ ಶಿಲುಬೆಯ ಹಚ್ಚೆ ಇಲ್ಲದ ಕ್ರೈಸ್ತರು ಆ ಸೀಮೆಯಲ್ಲಿ ಸಿಗುವುದೇ ಕಷ್ಟ. ಅವರಲ್ಲಿ ಅರ್ಧಕ್ಕರ್ಧ ಜನ ಮೊದಲು ಅವಳ ಅಪ್ಪ ಬುಶ್ರಾನ ಮುಂದೆ, ಆಮೇಲೆ ಅವಳ ಮುಂದೆ ಕೈ ಚಾಚಿ ಕೂತವರೇ. ಅಪ್ಪನದು ಕಡ್ಡಿಗೆ ದಾರ ಸುತ್ತಿ ಕಟ್ಟಿದ ಸೂಜಿ, ದೀಪದ ಮಸಿ. ಇನ್ಸಾಫಳ ಕಾಲಕ್ಕೆ ಗುಂಯ್‌ಗುಡುವ ಯಂತ್ರ ಬಂತು, ಒಮ್ಮೆ ಬಳಸಿ ಎಸೆಯುವ ಸೂಜಿಗಳು ಬಂದವು. ಸೂಜಿ ಆರಿಸುವ ವಿದ್ಯೆ ಮಾತ್ರ ಅಪ್ಪನದೇ ಉಳಿಯಿತು.

ಬಂದವರ ಚರ್ಮವನ್ನು ಅವಳು ಮೊದಲು ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದಳು. ಕಬ್ಬು ಕಡಿಯುವ ಗಂಡಸರಿಗೆ ಏಳು ಸೂಜಿಯ ಗೊಂಚಲು. ಅದಕ್ಕಿಂತ ಸಣ್ಣದಾದರೆ ಗೆರೆ ಬಿಸಿಲಿಗೆ ಮಾಸಿಹೋಗುತ್ತದೆ. ಹುಡುಗಿಯರಿಗೆ ಮೂರರದು ಸಾಕು. ಮುದುಕಿಯರ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ, ಅಲ್ಲಿ ಬಿಗಿ ಗೊಂಚಲು ಹರಿದುಬಿಡುತ್ತದೆ; ಸಡಿಲವಾದದ್ದೇ ಬೇಕು. ಒಮ್ಮೆ ಗಾಡಿ ಹೊಡೆಯುವವನೊಬ್ಬ, “ದಪ್ಪ ಸೂಜೀನೇ ಹಾಕವ್ವ, ನಾನೇನು ಹೆಂಗಸಾ?” ಎಂದು ಮೀಸೆ ತೀಡಿ ಕೂತವನು ಮೊದಲ ಗೆರೆಗೇ ಕಣ್ಣು ಮೇಲೆ ಮಾಡಿದ್ದ. ಅವನ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದವಳು ಇನ್ಸಾಫಳ ತಂಗಿ ಮರ್ಸಾ. ಆ ಕಥೆ ಹೇಳಿಕೊಂಡು ಅಕ್ಕತಂಗಿಯರು ಎಷ್ಟು ಸಲ ನಕ್ಕಿದ್ದರೋ.

ತಾಯಿ ಸತ್ತಾಗ ಮರ್ಸಾ ಇನ್ನೂ ತೆವಳುತ್ತಿದ್ದಳು. ಅವಳಿಗೆ ತಲೆ ಬಾಚಿ, ತುತ್ತು ಕೊಟ್ಟು ಬೆಳೆಸಿದ್ದು ಇನ್ಸಾಫಳೇ. ಆ ಭರದಲ್ಲಿ ತನ್ನ ಮದುವೆಯ ವಯಸ್ಸು ದಾಟಿದ್ದು ಅವಳಿಗೆ ತಿಳಿಯಲೇ ಇಲ್ಲ. ಬಡಗಿ ಅಯ್ಯಾದನಿಗೆ ಕೊಟ್ಟು ಮರ್ಸಾಳ ಮದುವೆ ಮಾಡಿದಳು. ಬಹಳ ವರ್ಷ ಮಕ್ಕಳಾಗಲಿಲ್ಲ. ಹರಕೆ ಹೊರದ ಸಂತರಿಲ್ಲ, ಕುಡಿಯದ ಕಷಾಯವಿಲ್ಲ. ಕೊನೆಗೊಂದು ಹೆಣ್ಣು ಮಗು ಹುಟ್ಟಿತು. ಯೊಸ್ತಿನಾ ಎಂದು ಹೆಸರಿಟ್ಟರು.

ಹಾಲು ಕುಡಿಯುವಾಗ ಮಗುವಿನ ತುಟಿ ನೀಲಿಗಟ್ಟುತ್ತಿತ್ತು. ಹೃದಯದಲ್ಲಿ ತೂತಿದೆ, ಕೈರೋಗೆ ಕರೆದೊಯ್ದು ಆಪರೇಷನ್ ಮಾಡಿಸಬೇಕು ಎಂದರು ಡಾಕ್ಟರು. ಹೆಣ್ಣು ಮಗುವಿಗೆ ಎಂಬತ್ತು ದಿನ ತುಂಬಿದ ಮೇಲೆ ಕೊಡುವ ದೀಕ್ಷಾಸ್ನಾನವನ್ನು ಪಾದ್ರಿಗಳು ಮೊದಲೇ ಕೊಟ್ಟರು.

ಹೊರಡುವ ಹಿಂದಿನ ದಿನ ಮರ್ಸಾ ಮಗುವನ್ನು ಸುತ್ತಿಕೊಂಡು ಅಕ್ಕನ ಮನೆಗೆ ಬಂದಳು.

“ಅಕ್ಕ, ಬೆಳಿಗ್ಗೆ ರೈಲು. ಇವಳಿಗೆ ಶಿಲುಬೆ ಹಾಕ್ಕೊಡು.”

ವಾಪಸು ಬಂದ ಮೇಲೆ ಹಾಕೋಣ ಎಂದಳು ಇನ್ಸಾಫ್. ಮರ್ಸಾ ಕೇಳಲಿಲ್ಲ.

“ಪಾದ್ರಿಗಳು ಹಾಕಿದ ನೀರು ಒಣಗಿ ಹೋಯ್ತು. ಹಚ್ಚೆ ಹೋಗಲ್ಲ. ಅಲ್ಲಿ ಒಂದೊಂದು ಕೋಣೇಲಿ ರಾಶಿ ಮಕ್ಕಳಂತೆ. ನನ್ನ ಕಣ್ಣ ಮುಂದಿಂದ ಎತ್ಕೊಂಡು ಹೋಗ್ತಾರೆ. ಯಾರ ಮಗಳು ಅಂತ ಅವಳ ಕೈಯಾದ್ರೂ ಹೇಳಲಿ.”

ಇನ್ಸಾಫ್ ಕೈ ತೊಳೆದು ಬಂದಳು. ಮೂರು ಸೂಜಿಯದರಲ್ಲೇ ಉದ್ದ ಮೊನೆಯ ನವಿರಾದದ್ದನ್ನು ತೆಗೆದು, ಹಣ್ಣಾದ ಟೊಮೆಟೊ ಮೇಲೆ ಗೆರೆ ಎಳೆದು ನೋಡಿದಳು. ಸಿಪ್ಪೆ ಹರಿಯಲಿಲ್ಲ, ರಸ ಒಸರಲಿಲ್ಲ. ಆಮೇಲೆ ಮಗುವಿನ ಮಣಿಕಟ್ಟು ಸವರಿದಳು. ಚರ್ಮ ಹಾಲಿನ ಕೆನೆಯಂತೆ ಬೆರಳಿನ ಜೊತೆಗೇ ಸರಿಯಿತು. ಅದರಡಿಯ ನರಕ್ಕಿಂತ ಸೂಜಿಯ ಗೊಂಚಲೇ ಅಗಲವಾಗಿ ಕಂಡಿತು. ಅವಳು ಯಂತ್ರ ಕೆಳಗಿಟ್ಟಳು.

“ಆಗಲ್ಲ ಮರ್ಸಾ. ಒಂದು ಚೂರು ನಂಜು ಸೇರಿದ್ರೂ ನೆಟ್ಟಗೆ ಎದೆಗೆ ಹೋಗುತ್ತೆ. ಜ್ವರ ಬಂದ್ರೆ ಡಾಕ್ಟರು ಮುಟ್ಟೋದೂ ಇಲ್ಲ.”

“ಅಪ್ಪ ನನಗೆ ತೊಟ್ಟಿಲಲ್ಲೇ ಹಾಕಿರ್ಲಿಲ್ವಾ?”

“ನೀನು ಗಟ್ಟಿ ಪಿಂಡ ಕಣೆ. ಇವಳು ಹಾಗಲ್ಲ.”

“ಊರಲ್ಲಿರೋರಿಗೆಲ್ಲ ನಿನ್ನ ಹತ್ರ ಸೂಜಿ ಇದೆ, ನನ್ನ ಮಗಳಿಗೆ ಮಾತ್ರ ಇಲ್ಲ.” ಮರ್ಸಾ ಮಗುವಿಗೆ ಬಟ್ಟೆ ಸುತ್ತುತ್ತ ಎದ್ದಳು. “ಹೆತ್ತಿದ್ರೆ ಗೊತ್ತಾಗ್ತಿತ್ತು ನಿನಗೆ.”

ತಾನು ತುತ್ತಿಟ್ಟ ಬಾಯಿಂದಲೇ ಆ ಮಾತು ಬಂತು. ಇನ್ಸಾಫ್ ಬಾಗಿಲವರೆಗೆ ಹೋಗಿ ನಿಂತಳು.

ಆಪರೇಷನ್ ಚೆನ್ನಾಗಿ ಆಯಿತೆಂದು ಅಯ್ಯಾದ್ ಫೋನು ಮಾಡಿದ. ಇನ್ಸಾಫ್ ಇಗರ್ಜಿಗೆ ಓಡಿ ಮೇಣದ ಬತ್ತಿ ಹಚ್ಚಿದಳು. ಮರುದಿನ ಬೆಳಿಗ್ಗೆ ಮತ್ತೆ ಫೋನು ಬಂತು. ಅಯ್ಯಾದನ ದನಿಯ ಹಿಂದೆ ಮರ್ಸಾಳ ಕೂಗು ಕೇಳಿಸಿತು. ಅಷ್ಟರಲ್ಲೇ ಎಲ್ಲ ತಿಳಿಯಿತು.

ಬಿಳಿಯ ಪುಟ್ಟ ಪೆಟ್ಟಿಗೆಯಲ್ಲಿ ಯೊಸ್ತಿನಾ ಊರಿಗೆ ಬಂದಳು. ಮುಚ್ಚಳ ಹಾಕುವ ಮುಂಚೆ ಮರ್ಸಾ ಮಗುವಿನ ಬಲಗೈ ಹೊರತೆಗೆದು ಮಣಿಕಟ್ಟನ್ನು ತಿರುಗಿಸಿ ನೋಡಿದಳು. ಮುತ್ತಿಟ್ಟಳು. ಎದುರಿಗಿದ್ದ ಅಕ್ಕನನ್ನು ನೋಡಿದಳು, ಆ ಕೈಯನ್ನು ಮತ್ತೆ ಒಳಗಿಟ್ಟಳು. ಬೈದಿದ್ದರೆ ಇನ್ಸಾಫ್ ತಡೆದುಕೊಳ್ಳುತ್ತಿದ್ದಳು. ಸಾಂತ್ವನ ಹೇಳಲು ಬಂದ ಹೆಂಗಸರ ನಡುವೆ ತಂಗಿಯ ಪಕ್ಕ ಕೂರಲು ಹೋದಾಗ ಮರ್ಸಾ ಸರಿದು ಬೇರೆಯವರಿಗೆ ಜಾಗ ಕೊಟ್ಟಳು. ಇನ್ಸಾಫ್ ಅಡುಗೆಮನೆಗೆ ಹೋಗಿ, ಬಂದವರಿಗೆಲ್ಲ ಸಾವಿನ ಮನೆಯ ರೂಢಿಯಂತೆ ಸಕ್ಕರೆ ಇಲ್ಲದ ಕಾಫಿ ಕಾಸುತ್ತ ನಿಂತಳು.

ಆಮೇಲಿನ ದಿನಗಳಲ್ಲಿ ಕೆಲಸದ ನಡುವೆ ಅವಳ ಕೈ ತಾನಾಗಿ ನಿಂತುಬಿಡುತ್ತಿತ್ತು. ಯಂತ್ರ ಬಿಟ್ಟು ಅಪ್ಪನ ಹಾಗೆ ಒಂದೇ ಸೂಜಿಯನ್ನು ಕುದಿಸಿ, ಕೈಯಲ್ಲೇ ಮೆಲ್ಲಗೆ ನಾಲ್ಕು ಚುಕ್ಕೆ ಇಟ್ಟಿದ್ದರೆ? ಅದೂ ಶಿಲುಬೆಯೇ ಅಲ್ಲವೇ? ಅಷ್ಟಕ್ಕೆ ಜ್ವರ ಬರುತ್ತಿತ್ತೇ? ಬಂದಿದ್ದರೆ, ಮಗು ಸತ್ತದ್ದು ತನ್ನ ಕೈಯಿಂದಲೇ ಎಂದಾಗುತ್ತಿತ್ತು. ಎರಡು ದಾರಿಯಲ್ಲೂ ಯೊಸ್ತಿನಾ ಇರಲಿಲ್ಲ.

ನಲವತ್ತನೆಯ ದಿನದ ಪ್ರಾರ್ಥನೆ ಮುಗಿದ ಮೇಲೆ ಮರ್ಸಾ ಬಂದಳು. ಕರೀ ಬಟ್ಟೆಯ ತೋಳು ಮೇಲೇರಿಸಿ ಕೂತಳು. ಅಪ್ಪ ಹಾಕಿದ ಶಿಲುಬೆ ಅವಳ ಮೈಯ ಜೊತೆಗೇ ಬೆಳೆದು, ಹರಡಿ, ಹಸಿರಾಗಿತ್ತು.

“ಇದರ ಪಕ್ಕ ಒಂದು ಹಾಕು. ಅವಳಿಗೆ ಅಂತ ತೆಗೆದಿದ್ಯಲ್ಲ, ಅದೇ ಸೂಜಿ.”

ಹಿಟ್ಟು ನಾದಿ, ಒಲೆಯ ಕಾವು ತಿಂದ ಆ ಚರ್ಮಕ್ಕೆ ಐದರದು ಬೇಕು, ನವಿರಾದದ್ದು ಬೇಗ ಮಾಸುತ್ತದೆ ಎಂದು ಇನ್ಸಾಫ್ ಹೇಳಿ ನೋಡಿದಳು. ಮರ್ಸಾ ತಲೆ ಅಲ್ಲಾಡಿಸಿದಳು. ಕೊನೆಗೆ ಇನ್ಸಾಫ್ ಅಂಥದೇ ಮೂರರ ಸೂಜಿ ತೆಗೆದು, ಗೋಧಿ ಕಾಳಿಗಿಂತ ತುಸು ದೊಡ್ಡ ಶಿಲುಬೆ ಹಾಕಿದಳು. ಮರ್ಸಾ ಕೈ ಅಲುಗಿಸಲಿಲ್ಲ. ಕಣ್ಣೀರು ಮಾತ್ರ ಗಲ್ಲದಿಂದ ಇಳಿದು ಮಡಿಲಿಗೆ ಬೀಳುತ್ತಿತ್ತು.

ಒರೆಸಿ ಬಟ್ಟೆ ಕಟ್ಟುವಾಗ ಇನ್ಸಾಫ್ ಕೇಳಿದಳು, “ನನ್ನ ಮೇಲೆ ಸಿಟ್ಟು ಹೋಗಿಲ್ಲ ಅಲ್ವಾ?”

“ನೀನು ಮಾಡಿದ್ದೇ ಸರಿ ಅಂತ ಡಾಕ್ಟರೂ ಅಂದ್ರು. ನನಗೂ ಗೊತ್ತು.” ಮರ್ಸಾ ತೋಳು ಇಳಿಸಿಕೊಂಡಳು. “ಗೊತ್ತಿದ್ದೂ ನಿನ್ನ ಕೈ ನೋಡೋಕಾಗಲ್ಲಕ್ಕ.”

ಚಳಿಗಾಲ ಮುಗಿಯುವ ಹೊತ್ತಿಗೆ ಗಂಡಹೆಂಡತಿ ಅಲೆಕ್ಸಾಂಡ್ರಿಯಕ್ಕೆ ಹೋದರು. ಅಯ್ಯಾದನಿಗೆ ಅಲ್ಲಿ ಕೆಲಸ ಸಿಕ್ಕಿತ್ತು. ಹಬ್ಬಕ್ಕೆ ಫೋನು ಮಾಡುತ್ತಿದ್ದವನು ಅವನೇ. ಮರ್ಸಾ ಎಲ್ಲೋ ಹೊರಗೆ ಹೋಗಿದ್ದಾಳೆ, ಮಲಗಿದ್ದಾಳೆ ಎನ್ನುತ್ತಿದ್ದ. ಇನ್ಸಾಫ್ ನಂಬಿದವಳಂತೆ ಹೂಂಗುಟ್ಟುತ್ತಿದ್ದಳು.

ಒಂದು ಈಸ್ಟರಿಗೆ ಅವಳು ಹಚ್ಚೆಯ ವಿಷಯ ತೆಗೆದಳು. ಮಾಸಿರಬೇಕು, ಮರ್ಸಾಳನ್ನು ಒಮ್ಮೆ ಕಳಿಸಿಕೊಡು, ತಿದ್ದಿಕೊಡುತ್ತೇನೆ ಎಂದಳು.

“ಮಾಸಿತ್ತು ಅತ್ತಿಗೆ. ಇಲ್ಲೇ ಯಾರ ಹತ್ರಾನೋ ಮತ್ತೆ ಹಾಕಿಸ್ಕೊಂಡ್ಳು.”

“ಚೆನ್ನಾಗಿ ಒಣಗ್ತಾ?”

“ಒಣಗ್ತು.”

“ಒಳ್ಳೇದಾಯ್ತು ಬಿಡಪ್ಪ,” ಎಂದಳು ಇನ್ಸಾಫ್. ಫೋನು ಕಟ್ಟಾದ ಮೇಲೂ ಅದನ್ನು ಕಿವಿಗೇ ಒತ್ತಿ ಹಿಡಿದು ನಿಂತಿದ್ದಳು. ಹೊಸ ಬಟ್ಟೆ ತೊಟ್ಟ ಹುಡುಗಿಯನ್ನು ಹಚ್ಚೆಗೆಂದು ಕರೆದುಕೊಂಡು ಬಂದಿದ್ದ ಹೆಂಗಸು ಬಾಗಿಲಲ್ಲಿ ಕೆಮ್ಮಿದಾಗಲೇ ಅವಳು ಈ ಕಡೆ ತಿರುಗಿದ್ದು.