ಹದಿನೇಳನೆಯ ನಂಬರಿನ ಬಿಲ್ಲೆ

ಬಾಗಿಲಲ್ಲೇ ಹೇಳಿಬಿಡುವುದೋ, ಟೀ ಕುಡಿದ ಮೇಲೋ? ಮೂರನೆಯ ಮಹಡಿಗೆ ಹತ್ತುವಾಗ ಮೊಣಕಾಲು ಹಿಡಿದು ನಿಂತಲ್ಲೆಲ್ಲ ಅವನು ಇದನ್ನೇ ತೂಗಿ ನೋಡಿದ. ನಲವತ್ತೊಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡವನಿಗೆ ಇನ್ನರ್ಧ ಗಂಟೆ ಹೆಚ್ಚೇನಲ್ಲ. ಆದರೆ ತಪ್ಪು ತನ್ನದೆಂದು ಹೇಳದೆ ಇವತ್ತು ಹಿಂದಿರುಗುವುದಿಲ್ಲ ಎಂದು ಬಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದ.

ಬಾಗಿಲು ತೆರೆದವನು ಕಂಬ. ವಾಯುನೆಲೆಯಲ್ಲಿ ಅವನ ಎತ್ತರ ನೋಡಿ ಜೊತೆಯ ಮೆಕ್ಯಾನಿಕ್‌ಗಳು ಇಟ್ಟ ಹೆಸರು. ಈಗ ಬೆನ್ನು ಬಾಗಿತ್ತು.

"ಬಾರೋ. ಇನ್ನೂ ಇದ್ದೀಯಾ?"

"ನಿನ್ನನ್ನ ಕಳಿಸಿಕೊಟ್ಟು ಆಮೇಲೆ ಹೊರಡೋಣ ಅಂತ."

ಕಂಬನ ಹೆಂಡತಿ ಟೀ ತಂದಿಟ್ಟು ದೂರು ಶುರು ಮಾಡಿದರು. "ನೀವೇ ಹೇಳಿ ಅಣ್ಣ, ವಿಮಾನ ರಿಪೇರಿ ಮಾಡ್ತಿದ್ದೋರು ಅಂತ ಇವರನ್ನ ಕಟ್ಟಿಕೊಂಡೆ. ಸ್ವಿಚ್ಚಿನ ಒಂದು ಸ್ಕ್ರೂ ತಿರುಗಿಸೋಕೂ ಪಕ್ಕದ ಮನೆಯವರನ್ನ ಕರೀಬೇಕು."

ಕಂಬ ನಕ್ಕ. ಬಂದವನಿಗೆ ನಗು ಬರಲಿಲ್ಲ. ಕಂಬ ಸ್ಕ್ರೂಡ್ರೈವರ್ ಮುಟ್ಟದಿರುವ ಕಾರಣ ಅವನಿಗೆ ಗೊತ್ತಿತ್ತು.

ಯುದ್ಧದ ಆ ದಿನಗಳಲ್ಲಿ ಹ್ಯಾಂಗರಿನ ಗೋಡೆಗೊಂದು ಹಲಗೆಯಿತ್ತು. ಪ್ರತಿ ಉಪಕರಣದ ಆಕಾರವನ್ನೂ ಅದರ ಮೇಲೆ ಕಪ್ಪು ಬಣ್ಣದಲ್ಲಿ ಬಿಡಿಸಿದ್ದರು. ಒಂದನ್ನು ತೆಗೆದವನು ಆ ಜಾಗದಲ್ಲಿ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ನೇತುಹಾಕಬೇಕು. ಒಂದೇ ಒಂದು ಬಿಲ್ಲೆ ನೇತಾಡುತ್ತಿದ್ದರೂ ವಿಮಾನ ಹಾರುವಂತಿಲ್ಲ. ಒಬ್ಬೊಬ್ಬನಿಗೆ ಐದೇ ಬಿಲ್ಲೆ. ಒಂದು ಮಧ್ಯಾಹ್ನ ಅವನ ಐದೂ ಹಲಗೆಯ ಮೇಲಿದ್ದವು. ಪೈಲಟ್ ಸೀಟಿನ ಕೆಳಗೆ, ಕೊಳವೆಯ ಹಿಂಬದಿ ನೋಡಲು ಹಿಡಿಕೆಯಿರುವ ಪುಟ್ಟ ಕನ್ನಡಿ ಬೇಕಾಯಿತು. ಮೂರು ದಿನದಿಂದ ಕಣ್ಣು ಮುಚ್ಚದ ಕಂಬ ಟೈರಿಗೊರಗಿ ತೂಕಡಿಸುತ್ತಿದ್ದ. ಕಂಬನ ಅಂಗಿ ಮೊಳೆಗೆ ತೂಗುತ್ತಿತ್ತು. ಎದ್ದ ಮೇಲೆ ಹೇಳಿದರಾಯಿತೆಂದು ಅವನು ಅದರ ಜೇಬಿನಿಂದ ಒಂದು ಬಿಲ್ಲೆ ತೆಗೆದು ನೇತುಹಾಕಿದ.

ಕನ್ನಡಿಯನ್ನು ಸೀಟಿನಡಿ ತೂರಿಸುವಷ್ಟರಲ್ಲಿ ಸೈರನ್. ಅವನು ಕನ್ನಡಿ ಅಲ್ಲೇ ಬಿಟ್ಟು ಕೆಳಗೆ ಹಾರಿದ. ಪೈಲಟ್ ಓಡಿಬಂದು ಏಣಿ ಹತ್ತಿದ. ಹಲಗೆಯ ಕಡೆ ಯಾರೂ ತಿರುಗಿ ನೋಡಲಿಲ್ಲ. ವಿಮಾನ ಎದ್ದಿತು, ಎಡಕ್ಕೆ ವಾಲಿತು, ನೆಟ್ಟಗಾಗಲೇ ಇಲ್ಲ.

ವಿಚಾರಣೆಯಲ್ಲಿ, ಚುಕ್ಕಾಣಿಗೆ ಕನ್ನಡಿ ಸಿಕ್ಕಿಕೊಂಡು ವಿಮಾನ ಬಿದ್ದಿತೆಂದು ಹೇಳಿ, ಅದರ ಜಾಗದಲ್ಲಿ ನೇತಾಡುತ್ತಿದ್ದ ಕಂಬನ ಹದಿನೇಳನೆಯ ನಂಬರಿನ ಬಿಲ್ಲೆಯನ್ನು ಮೇಜಿನ ಮೇಲಿಟ್ಟರು. ಕಂಬ ಬಹಳ ಹೊತ್ತು ಅದನ್ನೇ ನೋಡಿದ. ನಿದ್ದೆಗಣ್ಣಲ್ಲಿ ಕನ್ನಡಿಯನ್ನು ತಾನೇ ತೆಗೆದಿರಬೇಕು, ನೆನಪಿಲ್ಲ ಎಂದ. ಪಕ್ಕದಲ್ಲಿ ನಿಂತಿದ್ದ ಅವನು ತನ್ನ ಬೂಟಿನ ಲೇಸು ನೋಡುತ್ತಿದ್ದ. ಕಂಬನ ನೌಕರಿ ಹೋಯಿತು.

ಟೀ ಮುಗಿಯಿತು. ಹೆಂಡತಿ ಲೋಟಗಳನ್ನು ಒಳಗೆ ಒಯ್ದರು. ಅವನು, ಆ ಕನ್ನಡಿಯ ವಿಷಯ ಮಾತಾಡಬೇಕಿತ್ತು ಎಂದ.

"ಸಮಾಧಾನ ಹೇಳೋಕೆ ಬಂದಿದ್ದೀಯ, ಗೊತ್ತು," ಅಂದ ಕಂಬ. "ಬೇಡ ಕಣೋ. ನನಗೆ ಸಮಾಧಾನ ಆಗಿದೆ."

ಆಮೇಲೆ ನಿಧಾನವಾಗಿ ಹೇಳುತ್ತ ಹೋದ. ಮರುವರ್ಷವೇ ಪೈಲಟ್‌ನ ತಾಯಿಗೆ ಕಾಗದ ಬರೆದಿದ್ದನಂತೆ, ನಿಮ್ಮ ಮಗನ ಸಾವಿಗೆ ಕಾರಣ ನಾನು ಎಂದು. ಆಕೆ ಕರೆಸಿಕೊಂಡರು. ಬಾಗಿಲಲ್ಲಿ ತಲೆ ತಗ್ಗಿಸಿ ನಿಂತವನನ್ನು ಕೂರಿಸಿ ಊಟಕ್ಕೆ ಬಡಿಸಿದರು. ಅಲ್ಲಿಂದ ಮುಂದೆ ಆಕೆ ಇರುವವರೆಗೂ ಕಂಬ ಪ್ರತಿ ವರ್ಷ ಹೋಗಿ ಬರುತ್ತಿದ್ದ.

"ಅವತ್ತು ಏನಂದ್ರು ಗೊತ್ತಾ? 'ನನ್ನ ಮಗನೂ ನಿದ್ದೆಗೆಟ್ಟಿದ್ದ, ನೀನೂ ನಿದ್ದೆಗೆಟ್ಟಿದ್ದೆ. ಹೋಗಪ್ಪ, ಇನ್ನಾದ್ರೂ ಮಲಗು' ಅಂದ್ರು. ಅವತ್ತಿಂದ ನನಗೆ ನಿದ್ದೆ ಬರುತ್ತೆ ಕಣೋ."

ನಿಜ ಹೇಳಿದರೆ ಆ ತಾಯಿ ಕೊಟ್ಟದ್ದನ್ನು ಈ ಮುದುಕನ ಕೈಯಿಂದ ಕಿತ್ತುಕೊಂಡಂತಾಗುತ್ತದೆ. ಈ ಯೋಚನೆ ತನಗೆ ಎಷ್ಟು ಅನುಕೂಲವಾಗಿದೆ ಎಂಬುದೂ ಅವನಿಗೆ ತಿಳಿಯಿತು.

"ಆ ಅಮ್ಮ ನನ್ನ ಬಗ್ಗೆ ಏನಾದ್ರೂ ಕೇಳಿದ್ರಾ?"

"ನಿನ್ನ ಬಗ್ಗೆ ಯಾಕೆ ಕೇಳ್ತಾರೆ? ನೀನೇನು ಮಾಡಿದ್ದೀಯ?"

ಕಂಬ ಅವನ ಮುಖವನ್ನೇ ನೋಡಿದ, ಉತ್ತರಕ್ಕೆ ಕಾಯುವವನ ಹಾಗೆ. ಒಳಗೆ ನಲ್ಲಿಯ ನೀರು ಲೋಟಗಳ ಮೇಲೆ ಬೀಳುತ್ತಿತ್ತು. ಅವನು ಎದ್ದು, ಬಸ್ಸಿಗೆ ಹೊತ್ತಾಯಿತು ಎಂದ.

ಕನ್ನಡಿ ತೆಗೆದವನು ತಾನು ಎಂದು ಅವನು ಕಂಬನಿಗೆ ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.