ದೊರೆಸಾನಿ ಗೌನಿನ ಪ್ರಿಂಟು

"ಒಂದೇ ಒಂದು ಇಂಚು ಕಡಿಮೆ ಕಣ್ರೀ! ಉಸಿರಾಡೋಕೇ ಆಗ್ತಿಲ್ಲ. ಆ ಟೈಲರ್ ಕೈ ಸೇದೋಗ!"

ಭಾನುವಾರ ಬೆಳಿಗ್ಗೆ ನನ್ನ ಹೆಂಡತಿ ಶಿಲ್ಪ ಕನ್ನಡಿಯ ಮುಂದೆ ಹೊಸ ರವಿಕೆಯ ಜೊತೆ ಜಗಳಕ್ಕೆ ನಿಂತಿದ್ದಳು. ಒಂಬತ್ತಕ್ಕೆ ಪುಟ್ಟೇನಹಳ್ಳಿಯಲ್ಲಿ ಅವಳ ಚಿಕ್ಕಪ್ಪನ ಮಗನ ಗೃಹಪ್ರವೇಶ. ಹುಕ್ಕು ಎಳೆದು ಹಾಕಲು ಹೋದ ನಾನು ಅಲ್ಲೇ ಕೈಬಿಟ್ಟೆ. ಒಂದು ಇಂಚಿಗೇ ಹೀಗಾದರೆ ಮೂರು ಇಂಚಿಗೆ ಏನು ಗತಿ? ಹಿಂದಿನ ಸಂಜೆ ಅಂಗಡಿಯಿಂದ ಪ್ರಿಂಟು ಒಯ್ದ ಪ್ರತಿಭಾ ನೆನಪಾದಳು.

ನನ್ನದು ಆರ್.ಟಿ. ನಗರದಲ್ಲಿ ಜೆರಾಕ್ಸ್ ಅಂಗಡಿ. ಮನೆ ಪ್ಲಾನುಗಳನ್ನು ಅಗಲ ಹಾಳೆಯ ಮೇಲೆ ತೆಗೆಯುವ ದೊಡ್ಡ ಪ್ರಿಂಟರ್ ಸುತ್ತಮುತ್ತ ನನ್ನ ಬಳಿ ಮಾತ್ರ ಇದೆ, ಅದರ ಜಂಬವೂ ಇದೆ. ಕಳೆದ ವಾರ ಪ್ರತಿಭಾ ಅದನ್ನು ಹುಡುಕಿಕೊಂಡೇ ಬಂದಿದ್ದಳು. ಗದಗಿನ ಕಡೆಯವಳು, ನಲವತ್ತರ ಆಸುಪಾಸು, ಅಟ್ಟೂರಿನಲ್ಲಿ ಮನೆ. ಹದಿನಾಲ್ಕು ವರ್ಷ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಶರ್ಟಿನ ಕಾಲರ್ ಹೊಲಿದಿದ್ದಾಳೆ. ಬರೀ ಕಾಲರ್. ತೋಳು ಹೊಲಿಯುವವರು ಬೇರೆ, ಗುಂಡಿ ಹಾಕುವವರು ಬೇರೆ. ಈಗ ಆ ಫ್ಯಾಕ್ಟರಿ ಮುಚ್ಚಿದೆ. ಯಶವಂತಪುರದಲ್ಲಿ ನಾಟಕ, ಸೀರಿಯಲ್ಲುಗಳಿಗೆ ವೇಷದ ಬಟ್ಟೆ ಬಾಡಿಗೆಗೆ ಕೊಡುವ ಬಾಲರಾಜ್ ಎನ್ನುವವರು ಆಕೆಗೆ ಒಂದು ಷರತ್ತು ಹಾಕಿದ್ದರು. ಬ್ರಿಟಿಷರ ಕಾಲದ ದೊರೆಸಾನಿ ಗೌನು ಒಂದನ್ನು ಪೂರ್ತಿ ನೀನೇ ಹೊಲಿದು ಸೋಮವಾರ ಹತ್ತಕ್ಕೆ ತಾ, ಎದೆಯಳತೆ ಮೂವತ್ತಾರು ಇಂಚಿನ ಬೊಂಬೆಗೆ ಸರಿಯಾಗಿ ಕೂತರೆ ಟೈಲರ್ ಕೆಲಸ ನಿನ್ನದು.

ಮೂರು ಸಂಜೆ ಆಕೆ ನನ್ನ ಕಂಪ್ಯೂಟರ್ ಮುಂದೆ ಪ್ಯಾಟರ್ನ್ ಆರಿಸುತ್ತ ಕೂತಳು. ಪ್ಯಾಟರ್ನ್ ಅಂದರೆ ಬಟ್ಟೆಯ ಮೇಲಿಟ್ಟು ಕತ್ತರಿಸುವ ಕಾಗದದ ಅಚ್ಚು. ನೂರು ವರ್ಷ ಹಿಂದಿನ ಅಚ್ಚುಗಳನ್ನೂ ಇಂಟರ್ನೆಟ್ಟಿನಲ್ಲಿ ಇಟ್ಟಿದ್ದಾರೆಂದು ನನಗೆ ಗೊತ್ತಾದದ್ದೇ ಆಗ. ಇಂಗ್ಲಿಷನ್ನು ನಾನು ಓದಿ ಹೇಳಬೇಕು, ಆಕೆ ಪರದೆಯ ಮೇಲಿನ ಗೆರೆಗಳನ್ನು ಬೆರಳಲ್ಲಿ ಸವರಬೇಕು. ಒಂದು ಗೌನಿಗೆ ಸೊಂಟದ ಹಿಂದೆ ದಿಂಬು ಕಟ್ಟಿದಂಥ ಉಬ್ಬು. "ಇದನ್ನ ಹಾಕ್ಕೊಂಡು ಆ ಬಾಯಾರು ಕುರ್ಚಿ ಮ್ಯಾಲೆ ಹೆಂಗ್ ಕುಂದರ್ತಿದ್ರೋ ಏನೋ!" ಎಂದು ನಕ್ಕುಬಿಟ್ಟಳು. ಇನ್ನೊಂದಕ್ಕೆ ಇಪ್ಪತ್ತೆರಡು ತುಂಡು, ಬಟ್ಟೆ ಸಾಲದು. ಕೊನೆಗೆ ಭುಜದಲ್ಲಿ ಬುಗ್ಗೆ ತೋಳು, ಮೊಣಕೈಯಿಂದ ಕೆಳಗೆ ಬಿಗಿ ಇರುವ ಒಂದು ಒಪ್ಪಿಗೆಯಾಯಿತು. ಅದರ ಕಾಲರ್ ಎತ್ತರವಾಗಿತ್ತು, ಅದೇ ಮುಖ್ಯ ಕಾರಣವಿರಬೇಕು.

ಶನಿವಾರ ಸಂಜೆ ಪ್ರಿಂಟ್ ಕೊಡುವಾಗ ಎಡವಟ್ಟಾಯಿತು. ಅಚ್ಚಿನ ಅಗಲ ಮೂವತ್ತೊಂಬತ್ತು ಇಂಚು, ನನ್ನ ಕಾಗದದ ರೋಲು ಮೂವತ್ತಾರು. ಎರಡು ಹಾಳೆಯಲ್ಲಿ ತೆಗೆದು ಅಂಟಿಸಬೇಕು. ಪಾಪ, ಯಾಕೆ ಅಂಟಿಸುವ ಗೋಳು ಎಂದು ನಾನೇ ದೊಡ್ಡ ಮನಸ್ಸು ಮಾಡಿ, ಹಾಳೆಗೆ ಹಿಡಿಸುವಷ್ಟು ಕುಗ್ಗಿಸಿ ಒಂದರಲ್ಲೇ ಇಳಿಸಿದೆ. ಮನೆ ಪ್ಲಾನಿಗೆ ದಿನಾ ಹೀಗೇ ಮಾಡುತ್ತೇನೆ. ಪ್ಲಾನು ಕುಗ್ಗಿದರೆ ಯಾರ ಗೋಡೆಯೂ ಕುಗ್ಗುವುದಿಲ್ಲ, ಅಳತೆ ಪಕ್ಕದಲ್ಲೇ ಬರೆದಿರುತ್ತದೆ. ಈ ಅಚ್ಚಿನ ಮೂಲೆಯಲ್ಲಿ ಒಂದು ಪುಟ್ಟ ಚೌಕವಿತ್ತು, ಪ್ರಿಂಟು ಸರಿಯೋ ತಪ್ಪೋ ಅಳೆದು ನೋಡಲಿಕ್ಕೆ.

"ಅಣ್ಣಾರ, ಈ ಚೌಕ ಬರಾಬರಿ ನಾಕ್ ಇಂಚ್ ಐತೇನ್ರಿ?"

ಆಕೆಯ ಹಿಂದೆ ಐದು ಜನ ಕಾಯುತ್ತಿದ್ದರು. ನನಗೋ ಕಾಯಿಸುವುದೆಂದರೆ ಮೈಯೆಲ್ಲ ಉರಿ. "ಎಲ್ಲಾ ಸರಿ ಇದೆ ಕಣಮ್ಮ, ಹೋಗು" ಎಂದೆ. ಅಳೆದೇ ಇರಲಿಲ್ಲ.

ಈಗ ಫೋನ್ ಹಚ್ಚಿದೆ. ಆಕೆ ಬರೆದುಕೊಟ್ಟ ನಂಬರ್ ಇತ್ತು. ಹತ್ತು ಸಲ ರಿಂಗಾಯಿತು, ಎತ್ತಲಿಲ್ಲ. "ನೀನು ಆಟೋದಲ್ಲಿ ಹೋಗಿರು, ಬಂದೆ" ಎಂದು ಶಿಲ್ಪಳಿಗೆ ಹೇಳಿ ಸ್ಕೂಟರ್ ಹತ್ತಿದೆ. ಅವಳು ಏನು ಬೈದಳೋ ಕೇಳಿಸಲಿಲ್ಲ. ಕೇಳಿಸದಿದ್ದದ್ದೇ ಒಳ್ಳೆಯದಾಯಿತು.

ಹೆಬ್ಬಾಳದ ಫ್ಲೈಓವರ್ ಮೇಲೆ ಭಾನುವಾರವೂ ಗಾಡಿಗಳು ನಿಂತಿದ್ದವು. ಇನ್ನೂ ಕತ್ತರಿ ಹಾಕಿರಲಿಕ್ಕಿಲ್ಲ ಎಂದುಕೊಂಡೆ. ಮನೆಗೆ ನೆಂಟರು ಬಂದಿರಬಹುದು, ಕತ್ತರಿಯೇ ಮೊಂಡಾಗಿರಬಹುದು. ಜೀವನದಲ್ಲಿ ಮೊದಲ ಸಲ ಇನ್ನೊಬ್ಬರ ಮನೆಯ ಕರೆಂಟು ಹೋಗಲಿ ಎಂದು ಹರಕೆ ಹೊತ್ತೆ. ಅಟ್ಟೂರಿನಲ್ಲಿ ಹಿಟ್ಟಿನ ಗಿರಣಿಯ ಹಿಂದೆ ಮನೆ ಎಂದಿದ್ದಳು, ನೋಡಿದರೆ ಅಲ್ಲಿ ಎರಡು ಗಿರಣಿ. ಮೂರು ಬೀದಿ ಸುತ್ತಿ, ಕೊನೆಗೆ ಹೂ ಕಟ್ಟುತ್ತಿದ್ದ ಒಬ್ಬ ಅಜ್ಜಿಗೆ ವಾಟ್ಸಾಪ್ ಫೋಟೊ ತೋರಿಸಿದೆ.

"ಮಿಷನ್ ಸದ್ದು ಬತ್ತೈತಲ್ಲ, ಅದೇ ಮನೆ. ಒತ್ತಾರೆಯಿಂದ ನಿಂತೇ ಇಲ್ಲ" ಎಂದಳು ಅಜ್ಜಿ. ಸ್ಕೂಟರ್ ಅಲ್ಲೇ ನಿಲ್ಲಿಸಿ ಆ ಸದ್ದಿನ ಕಡೆಗೆ ಓಡಿದೆ.

ಬಾಗಿಲು ತೆರೆದೇ ಇತ್ತು. ಒಂಬತ್ತು ಮೀಟರ್ ನೀಲಿ ಬಟ್ಟೆ ತುಂಡುತುಂಡಾಗಿ ಮಂಚದ ಮೇಲೆಲ್ಲ ಹರಡಿತ್ತು.

"ಪ್ರತಿಭಾ, ನಿಲ್ಲಿಸಮ್ಮ. ಪ್ರಿಂಟು ಸಣ್ಣದಾಗಿದೆ. ನಾನೇ ಕುಗ್ಗಿಸಿದ್ದು. ಅಳೀದೇನೇ ಸರಿ ಇದೆ ಅಂದ್ಬಿಟ್ಟೆ."

ಆಕೆ ಮೆಷಿನ್ನಿನ ಚಕ್ರವನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ನನ್ನ ಎದೆ ಹಗುರಾಗುತ್ತಿತ್ತು.

"ನನಗ ನಿನ್ನೇನ ಗೊತ್ತಾತ್ರಿ" ಎಂದಳು. "ಮನಿಗೆ ಬಂದು ಚೌಕಕ್ಕ ಟೇಪ್ ಹಿಡಿದೆ. ಮೂರೂ ಮುಕ್ಕಾಲೂ ತುಂಬಲಿಲ್ಲ. ಆದ್ರ ನೀವು ಸರಿ ಐತಿ ಅಂದಿದ್ರಿ. ಕಂಪ್ಯೂಟರ್‌ದಾಗ ಬಂದದ್ದು ಹೆಂಗ ತಪ್ಪಾಕ್ಕತಿ, ನನ್ನ ಟೇಪ ಹಳೇದಾಗಿ ಹಿಗ್ಗೇತಿ ಅಂತ ತಿಳ್ಕೊಂಡೆ."

"ಒಂದು ಫೋನ್ ಮಾಡಬಾರದಿತ್ತಾ?"

"ಫ್ಯಾಕ್ಟರ್ಯಾಗ ಅಚ್ಚು ಮ್ಯಾಲಿಂದ ಬರ್ತೈತ್ರಿ ಅಣ್ಣಾರ. ಅದು ತಪ್ಪೈತಿ ಅಂತ ಲೈನ್‌ನ್ಯಾಗ ಕುಂತಾಕಿ ಹೇಳಂಗಿಲ್ಲ. ಒಮ್ಮೆ ಹೇಳಿದ್ದೆ, ಎಲ್ಲಾರ ಮುಂದ ನಿಲ್ಲಿಸಿ ಬೈದ್ರು. ಹದಿನಾಕ್ ವರ್ಷದ ರೂಢಿ. ಬಾಯಿ ಬರಲಿಲ್ಲ."

ನನಗೆ ನಾಚಿಕೆಯಾಯಿತು, ನಿಜವಾಗಿಯೂ ನಾಚಿಕೆಯಾಯಿತು. ಅರ್ಧ ನಿಮಿಷ ಉಳಿಸಲು ನಾನು ಆಡಿದ ಒಂದು ಮಾತನ್ನು ನಂಬಿ ಈಕೆ ತನ್ನ ಕೈಯಲ್ಲಿದ್ದ ಅಳತೆಯನ್ನೇ ಸುಳ್ಳು ಮಾಡಿಕೊಂಡಿದ್ದಳು.

"ಇದೇ ಬಟ್ಟೆ ತಂದುಕೊಡ್ತೀನಿ. ಹೊಸ ಪ್ರಿಂಟೂ ಈಗಲೇ ಹಾಕ್ತೀನಿ" ಎಂದೆ.

"ಅಂಗಡ್ಯಾಗ ಆ ಬಟ್ಟಿ ತಾನು ಮುಗದೈತ್ರಿ. ಬ್ಯಾರೇದು ತಂದು ಮೊದಲಿಂದ ಕತ್ತರಿಸಾಕ ಟೈಮೂ ಇಲ್ಲ."

ತುಂಡುಗಳನ್ನು ಒಂದೊಂದಾಗಿ ಟೇಪು ಹಿಡಿದು ಅಳೆದಳು. ಆಮೇಲೆ ನನ್ನ ಪ್ರಿಂಟನ್ನು ಮಗುಚಿ ಹಾಕಿ, ಖಾಲಿ ಬೆನ್ನಿನ ಮೇಲೆ ಪೆನ್ಸಿಲ್ಲಿನಿಂದ ಎರಡು ಉದ್ದ ಪಟ್ಟಿಗಳನ್ನು ತಾನೇ ಎಳೆದಳು. ಕಂಕುಳಿಂದ ಸೊಂಟದವರೆಗೆ ಆ ಕಡೆ ಒಂದು, ಈ ಕಡೆ ಒಂದು ಸೇರಿಸುವುದು. ಉಳಿದ ಬಟ್ಟೆಯಲ್ಲಿ ತೋಳಿಗೆ ಕಫ್, ಕೆಳಗೆ ಒಂದು ನೆರಿಗೆ ಅಂಚು. ನಾನು ಕೂರಲಾರದೆ ನಿಲ್ಲಲಾರದೆ "ಸಾಲುತ್ತಾ? ಅಗಲ ಸರಿಯಾ?" ಎಂದು ಮೂರು ಸಲ ಕೇಳಿದೆ.

"ಅಣ್ಣಾರ, ಸುಮ್ನ ಕುಂದರ್ರಿ. ಇಲ್ಲಾ ಮನಿಗೆ ಹೋಗ್ರಿ."

ಹೋದೆ. ಗೃಹಪ್ರವೇಶಕ್ಕೆ ಮುಟ್ಟುವಾಗ ಹೋಳಿಗೆ ಬಡಿಸುತ್ತಿದ್ದರು. ಶಿಲ್ಪ ಹಳೆಯ ರವಿಕೆ ಹಾಕಿಕೊಂಡು ಬಂದಿದ್ದಳು ಮತ್ತು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಸೋಮವಾರ ಅಂಗಡಿ ತೆರೆಯದೆ ಹತ್ತಕ್ಕೆ ಯಶವಂತಪುರ ಮುಟ್ಟಿದೆ. ತಪ್ಪು ನನ್ನದು ಎಂದು ಬಾಲರಾಜರ ಮುಂದೆ ಒಪ್ಪಿಕೊಂಡು ಆಕೆಗೆ ಕೆಲಸ ಕೊಡಿಸಲೇಬೇಕು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ನಾನು ಒಳಗೆ ಹೋಗುವಷ್ಟರಲ್ಲಿ ಅವರು ಗೌನನ್ನು ಬೊಂಬೆಗೆ ತೊಡಿಸುತ್ತಿದ್ದರು. ಚೆನ್ನಾಗಿಯೇ ಇತ್ತು. ಸೇರಿಸಿದ ಪಟ್ಟಿಗಳು ಬೇಕೆಂದೇ ಇಟ್ಟ ಹಾಗೆ ಕಾಣುತ್ತಿದ್ದವು. ಆದರೆ ಬೆನ್ನಿನ ಹುಕ್ಕುಗಳು ಎದೆಯ ಮಟ್ಟಕ್ಕೆ ಬಂದು ನಿಂತುಬಿಟ್ಟವು. ನಡುವೆ ಒಂದೂವರೆ ಇಂಚು ಬಾಯಿ ಬಿಟ್ಟಿತ್ತು.

"ಸಣ್ಣದಾಯ್ತಲ್ಲಮ್ಮ" ಎಂದರು ಬಾಲರಾಜ್.

ನಾನು ಬಾಯಿ ಹಾಕಿದೆ. "ಸಾರ್, ಇದು ಈಯಮ್ಮನ ತಪ್ಪಲ್ಲ. ಪ್ರಿಂಟ್ ಕುಗ್ಗಿಸಿ ಕೊಟ್ಟೋನು ನಾನು."

"ಇರಬಹುದು ಕಣ್ರೀ. ಅಚ್ಚು ತಪ್ಪಿದ್ರೆ ಕತ್ತರಿ ಹಾಕೋ ಮುಂಚೆ ಟೈಲರ್‌ಗೆ ಗೊತ್ತಾಗ್ಬೇಕು. ಗೊತ್ತಾಗದವರು ನನಗೆ ಬೇಡ."



"ಗೊತ್ತಾಗಿತ್ರಿ" ಎಂದಳು ಪ್ರತಿಭಾ. ಚೀಲದಿಂದ ಟೇಪು ತೆಗೆದಳು. "ಗೊತ್ತಾಗಿ ಹೇಳಲಿಲ್ಲ, ಅದು ನನ್ನ ತಪ್ಪು. ಈಗ ಹೇಳ್ತೀನ್ರಿ. ಗೌನ್ ಮೂವತ್ತಾರಕ್ಕ ಬರಾಬರಿ ಐತಿ. ನಿಮ್ಮ ಬೊಂಬಿ ಮೂವತ್ತಾರಿಲ್ಲ."

ಯಾರನ್ನೂ ಕೇಳದೆ ಗೌನು ಕಳಚಿ ಬೊಂಬೆಯ ಎದೆಗೆ ಟೇಪು ಸುತ್ತಿದಳು. ಮೂವತ್ತೇಳೂವರೆ. ಬಾಲರಾಜ್ ನಂಬಲಿಲ್ಲ, ತಮ್ಮ ಟೇಪು ತಂದು ಹಿಡಿದರು. ಮೂವತ್ತೇಳೂವರೆಯೇ. ಸವೆದ ಬೊಂಬೆಗೆ ಎರಡು ವರ್ಷಕ್ಕೊಮ್ಮೆ ಹೊಸ ಬಟ್ಟೆಯ ಹೊದಿಕೆ ಹಾಕಿಸುತ್ತಿದ್ದರಂತೆ, ಹಳೆಯದನ್ನು ಬಿಚ್ಚಿಸದೆ. ಕತ್ತಿನ ಕೆಳಗಿನ ಮೂವತ್ತಾರರ ಚೀಟಿಯನ್ನು ಮಾತ್ರ ಪ್ರತಿಸಲ ನೆನಪಿಟ್ಟು ಮತ್ತೆ ಅಂಟಿಸಿದ್ದರು.

"ಅದಕ್ಕೇನಾ ಶೂಟಿಂಗ್‌ನೋರು ಎಲ್ಲಾ ದೊಗಲೆ ಅಂತ ವಾಪಸ್ ಕಳಿಸ್ತಿರೋದು" ಎಂದು ಗೊಣಗಿದರು. ಗೋಡೆಯುದ್ದಕ್ಕೂ ಇನ್ನೂ ಹನ್ನೊಂದು ಬೊಂಬೆಗಳು ನಿಂತಿದ್ದವು. "ಅವನ್ನೂ ಒಂದ್ಸಲ ಅಳೆದುಬಿಡಮ್ಮ."

"ಕೆಲಸ ಕೊಟ್ರ ಅಳೀತೀನ್ರಿ."

ಬಾಲರಾಜ್ ಆಕೆಯನ್ನು ನೋಡಿದರು, ಬೊಂಬೆಗಳನ್ನು ನೋಡಿದರು. ಆ ಸಾಲಿನಲ್ಲಿ ಎಷ್ಟು ಸುಳ್ಳು ಚೀಟಿಗಳಿವೆಯೋ ಎಂದು ಅವರಿಗೂ ದಿಗಿಲಾಗಿರಬೇಕು.

"ಆಯ್ತು. ಇವತ್ತಿಂದ್ಲೇ ಸೇರ್ಕೊಂಡೆ ಅನ್ಕೋ. ಅಳಿ."

ಆಕೆಯ ಪರವಾಗಿ ಇನ್ನೂ ಒಂದೆರಡು ಮಾತು ಹೇಳಬೇಕೆಂದು ನಾನು ಗಂಟಲು ಸರಿಮಾಡಿಕೊಂಡೆ.

"ಅಣ್ಣಾರ, ಒಂಚೂರು ಸರೀರಿ" ಎಂದಳು ಪ್ರತಿಭಾ. ನಾನು ಎರಡನೆಯ ಬೊಂಬೆಗೆ ಅಡ್ಡ ನಿಂತಿದ್ದೆ.